ಟರ್ನರ್ ಅರ್ಧ ಶತಮಾನ ನೋಡಿದ ಒಂದು ಬೆಳಗು

(ಚಿತ್ರಕಲೆಯಲ್ಲಿ ಆಸಕ್ತಿ ಇರುವ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಮಾತಿನಲ್ಲಿ ಎರಡೆರಡು ಸಲ ಬಂದಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ತೆರೆಯ ಮೇಲೆ ಕಾಣುತ್ತಿರುವ ಚಿತ್ರವನ್ನು ಏನೂ ಹೇಳದೆ ಸ್ವಲ್ಪ ಹೊತ್ತು ಹಾಗೇ ಬಿಟ್ಟಿದ್ದೆ. ಬೇಕೆಂದೇ ಬಿಟ್ಟಿದ್ದು. ಮೊದಲ ನೋಟಕ್ಕೆ ಇದರಲ್ಲಿ ಸಿಗುವುದು ತೀರಾ ಕಡಿಮೆ. ಹಳದಿ ಬೆರೆತ ಬಿಳಿ ಬೆಳಕು. ನಡುವೆ ಒಂದು ನೀಲಿ ಆಕಾರ. ಕೆಳಗೆ ಕಂದು ಬಣ್ಣದ ಏನೋ ಒಂದು. ಕಣ್ಣು ಹೊಂದಿಕೊಂಡ ಮೇಲೆ ಒಂದೊಂದೇ ಗೊತ್ತಾಗುತ್ತಾ ಹೋಗುತ್ತದೆ. ನೀಲಿ ಆಕಾರ ಗುಡ್ಡದ ಮೇಲಿನ ಹಾಳು ಕೋಟೆ. ಅದರ ಹಿಂದೆ ಹುಟ್ಟುತ್ತಿರುವ ಸೂರ್ಯ. ಕೆಳಗಿನ ಬಿಳುಪು ಹೊಳೆ. ಕಂದು ಬಣ್ಣದ್ದು ನೀರು ಕುಡಿಯಲು ಇಳಿದ ಹಸು. ಇಷ್ಟೇ. ಮನುಷ್ಯರು ಯಾರೂ ಇಲ್ಲ. ಏನೂ ನಡೆಯುತ್ತಿಲ್ಲ.

ಚಿತ್ರದ ಹೆಸರು ‘ನಾರಂ ಕೋಟೆ, ಸೂರ್ಯೋದಯ’. ಬರೆದವನು ಇಂಗ್ಲೆಂಡಿನ ಜೋಸೆಫ್ ಮಲಾರ್ಡ್ ವಿಲಿಯಂ ಟರ್ನರ್. ಕಾಲ 1845ರ ಸುಮಾರು. ಕ್ಯಾನ್ವಾಸಿನ ಮೇಲೆ ತೈಲವರ್ಣ, ಹೆಚ್ಚುಕಮ್ಮಿ ಮೂರಡಿ ಎತ್ತರ, ನಾಲ್ಕಡಿ ಅಗಲ. ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.

ಈ ಚಿತ್ರ ನೋಡಿದವರು ಸಾಮಾನ್ಯವಾಗಿ ಹೇಳುವ ಮಾತು, ‘ಎಷ್ಟು ಆರಾಮಾಗಿದೆ, ಕನಸಿನ ಹಾಗಿದೆ’. ನಿಜ. ಆದರೆ ಯಾವುದೋ ಒಂದು ಬೆಳಗ್ಗೆ ಹೊಳೆ ದಡದಲ್ಲಿ ಕೂತು ಕಂಡದ್ದನ್ನು ಕಂಡ ಹಾಗೆ ಬರೆದಿದ್ದಾನೆ ಅಂದುಕೊಂಡರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ. ಈ ಬೆಳಗಿನ ಹಿಂದೆ ನಲವತ್ತೆಂಟು ವರ್ಷಗಳಿವೆ. ನಾನು ಇವತ್ತು ಹೇಳಬೇಕೆಂದಿರುವುದು ಆ ವರ್ಷಗಳ ಬಗ್ಗೆ.

ಮೊದಲು ಜಾಗದ ವಿಷಯ. ನಾರಂ ಇರುವುದು ಇಂಗ್ಲೆಂಡಿನ ತುತ್ತತುದಿಯಲ್ಲಿ, ಟ್ವೀಡ್ ಹೊಳೆಯ ದಕ್ಷಿಣ ದಡದಲ್ಲಿ. ಹೊಳೆ ದಾಟಿದರೆ ಸ್ಕಾಟ್ಲೆಂಡ್. ಡರಂನ ಬಿಷಪ್ 1121ರಲ್ಲಿ ಇಲ್ಲಿ ಕೋಟೆ ಕಟ್ಟಿಸಿದ್ದೇ ಆಚೆ ದಡದವರನ್ನು ತಡೆಯುವುದಕ್ಕೆ. ಮುಂದಿನ ನಾನೂರು ವರ್ಷ ಮುತ್ತಿಗೆಯ ಮೇಲೆ ಮುತ್ತಿಗೆ. 1513ರಲ್ಲಿ ಸ್ಕಾಟ್ಲೆಂಡಿನ ದೊರೆ ನಾಲ್ಕನೇ ಜೇಮ್ಸ್ ಫಿರಂಗಿಗಳನ್ನು ತಂದು ಕೋಟೆ ಹಿಡಿದ. ಆಮೇಲೆ ಕೆಲವೇ ದಿನಗಳಲ್ಲಿ, ಇಲ್ಲಿಂದ ದೂರವೇನಲ್ಲದ ಫ್ಲಾಡನ್ ಯುದ್ಧದಲ್ಲಿ ತಾನೇ ಸತ್ತ. ಎರಡೂ ಕಡೆಯ ರಕ್ತ ಹರಿದ ಹೊಳೆ ಇದು. ಈಗ ಮತ್ತೊಮ್ಮೆ ಚಿತ್ರ ನೋಡಿ. ಯಾವ ದಡ ಯಾರದು ಅಂತ ಹೇಳಲು ಆಗುತ್ತದಾ? ಎರಡೂ ದಡ ಒಂದೇ ಬೆಳಕಿನಲ್ಲಿ ಕರಗಿವೆ. ಗಡಿಯಾಗಿದ್ದ ನೀರಿನಲ್ಲಿ ಹಸು ಬಾಯಾರಿಕೆ ತೀರಿಸಿಕೊಳ್ಳುತ್ತಿದೆ.

ಟರ್ನರ್ ಇಲ್ಲಿಗೆ ಮೊದಲು ಬಂದಿದ್ದು 1797ರಲ್ಲಿ. ಆಗ ಅವನಿಗೆ ಇಪ್ಪತ್ತೆರಡು. ಲಂಡನ್ನಿನ ಕೋವೆಂಟ್ ಗಾರ್ಡನ್ ಬಳಿ ಅಪ್ಪನದು ಕ್ಷೌರದ ಅಂಗಡಿ. ಮಗ ಬರೆದ ಚಿತ್ರಗಳನ್ನು ಅಪ್ಪ ಅಂಗಡಿಯಲ್ಲೇ ನೇತುಹಾಕಿ ಮಾರುತ್ತಿದ್ದ. ಫ್ರಾನ್ಸಿನ ಜೊತೆ ಯುದ್ಧ ನಡೆಯುತ್ತಿದ್ದ ಕಾಲ ಅದು. ಚಿತ್ರಕಾರರು ಇಟಲಿಗೆ, ಆಲ್ಪ್ಸ್ ಪರ್ವತಕ್ಕೆ ಹೋಗುವ ಹಾಗಿರಲಿಲ್ಲ. ಹಾಗಾಗಿ ತಮ್ಮ ದೇಶದ ಹಾಳು ಕೋಟೆ, ಮಠ, ಹೊಳೆಗಳನ್ನೇ ಹುಡುಕಿಕೊಂಡು ತಿರುಗುತ್ತಿದ್ದರು. ಟರ್ನರ್ ಕೂಡ ಪುಟ್ಟ ಪುಸ್ತಕಗಳಲ್ಲಿ ಪೆನ್ಸಿಲ್ ಗುರುತು ಹಾಕುತ್ತಾ ಉತ್ತರದ ಕಡೆ ಹೊರಟ. ಹಾದಿಯಲ್ಲಿ ನಾರಂ ಸಿಕ್ಕಿತು.

ಮರು ವರ್ಷ, 1798ರಲ್ಲಿ, ಲಂಡನ್ನಿನ ರಾಯಲ್ ಅಕಾಡೆಮಿಯ ಪ್ರದರ್ಶನದಲ್ಲಿ ನಾರಂ ಕೋಟೆಯ ಬೇಸಿಗೆ ಮುಂಜಾನೆಯ ಜಲವರ್ಣ ಚಿತ್ರ ಇಟ್ಟ. ಪ್ರದರ್ಶನದ ಪಟ್ಟಿಯಲ್ಲಿ ಚಿತ್ರದ ಜೊತೆ ಕವಿತೆಯ ಸಾಲು ಅಚ್ಚು ಹಾಕಿಸಲು ಅಕಾಡೆಮಿ ಅವಕಾಶ ಕೊಟ್ಟ ಮೊದಲ ವರ್ಷ ಅದು. ಟರ್ನರ್ ಆರಿಸಿಕೊಂಡಿದ್ದು ಜೇಮ್ಸ್ ಥಾಮ್ಸನ್ ಎಂಬ ಕವಿ ಸೂರ್ಯೋದಯದ ಬಗ್ಗೆ ಬರೆದ ಸಾಲುಗಳನ್ನು. ಕೋಟೆ ನೆಪ ಮಾತ್ರ, ಅವನ ಕಣ್ಣಿದ್ದದ್ದು ಹಿಂದಿನಿಂದ ಬರುವ ಬೆಳಕಿನ ಮೇಲೆ ಎಂಬುದಕ್ಕೆ ಈ ಆಯ್ಕೆಯೇ ಸಾಕ್ಷಿ.

ಚಿತ್ರ ಜನಕ್ಕೆ ಬಹಳ ಇಷ್ಟವಾಯಿತು. ಮೂವತ್ತಮೂರು ವರ್ಷಗಳ ನಂತರದ ಒಂದು ಘಟನೆ ಇದನ್ನು ಚೆನ್ನಾಗಿ ಹೇಳುತ್ತದೆ. 1831ರಲ್ಲಿ ಟರ್ನರ್ ಸ್ಕಾಟ್ಲೆಂಡಿನ ಸಾಹಿತಿ ವಾಲ್ಟರ್ ಸ್ಕಾಟನ ಕೃತಿಗಳಿಗೆ ಚಿತ್ರ ಬರೆಯಲು ಆ ಕಡೆ ಹೋಗಿದ್ದ. ಜೊತೆಗೆ ಪ್ರಕಾಶಕ ರಾಬರ್ಟ್ ಕ್ಯಾಡೆಲ್ ಇದ್ದ. ನಾರಂ ಎದುರಿಗೆ ಬಂದಾಗ ಟರ್ನರ್ ಟೋಪಿ ತೆಗೆದು ಕೋಟೆಗೆ ಬಗ್ಗಿ ನಮಸ್ಕಾರ ಮಾಡಿದ. ಇದೇನಿದು ಅಂತ ಕ್ಯಾಡೆಲ್ ಕೇಳಿದ. ಟರ್ನರ್ ಹೇಳಿದ್ದು ಇಷ್ಟು: ಹಿಂದೆ ಈ ಕೋಟೆಯ ಚಿತ್ರ ಬರೆದಿದ್ದೆ, ಅದು ಜನಕ್ಕೆ ಹಿಡಿಸಿತು, ಅಂದಿನಿಂದ ಇಂದಿನವರೆಗೆ ನನ್ನ ಕೈಗೆ ಕೆಲಸ ತಪ್ಪಿಲ್ಲ.

ಇದು ನನಗೆ ಬಹಳ ಪ್ರೀತಿಯ ಪ್ರಸಂಗ. ಟರ್ನರ್ ಮಾತು ಕಡಿಮೆ ಆಡುವವನು, ವ್ಯವಹಾರದಲ್ಲಿ ಬಿಗಿ. ಅಂಥವನು ನಡುದಾರಿಯಲ್ಲಿ ನಿಂತು ಒಂದು ಜಾಗಕ್ಕೆ ತಲೆಬಾಗಿದ.

ಇಲ್ಲೊಂದು ನಮ್ಮ ಕಡೆಯ ಸಂಗತಿಯನ್ನೂ ಹೇಳಿಬಿಡುತ್ತೇನೆ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ. 1800ರ ಸುಮಾರಿಗೆ ಟರ್ನರ್ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಜಲವರ್ಣದಲ್ಲಿ ಬರೆದಿದ್ದಾನೆ. ಆ ಚಿತ್ರವೂ ಟೇಟ್ ಸಂಗ್ರಹದಲ್ಲಿದೆ. ಅವನು ಭಾರತಕ್ಕೆ ಒಮ್ಮೆಯೂ ಬಂದವನಲ್ಲ. ಕಾವೇರಿಯನ್ನು ಕಂಡವನೂ ಅಲ್ಲ. ಬೇರೆಯವರು ಬರೆದು ತಂದದ್ದನ್ನು ನೋಡಿಕೊಂಡು ಬರೆದಿದ್ದು. ಅದೂ ಹೊಳೆ, ಅದೂ ಕೋಟೆ. ಆದರೆ ಅದು ಸುದ್ದಿಯ ಚಿತ್ರವಾಗಿಯೇ ಉಳಿಯಿತು. ನಾರಂ ಹಾಗಲ್ಲ. ಅದನ್ನು ಅವನು ಕಾಲ ಮೇಲೆ ನಿಂತು ನೋಡಿದ್ದ, ಮತ್ತೆ ಮತ್ತೆ ಹೋಗಿ ನೋಡಿದ.

1801ರ ಸ್ಕಾಟ್ಲೆಂಡ್ ಪ್ರವಾಸದಲ್ಲಿ ಮತ್ತೆ ನಾರಂ. ತನ್ನ ಭೂದೃಶ್ಯಗಳನ್ನು ಮುದ್ರಣದಲ್ಲಿ ತರಲು ‘ಲಿಬರ್ ಸ್ಟುಡಿಯೋರಂ’ ಎಂಬ ದೊಡ್ಡ ಮಾಲೆಗೆ ಕೈ ಹಾಕಿದ್ದನಲ್ಲ, ಅದರಲ್ಲಿ 1816ರಲ್ಲಿ ನಾರಂ ಬಂತು. 1820ರ ದಶಕದಲ್ಲಿ ಇಂಗ್ಲೆಂಡಿನ ಹೊಳೆಗಳ ಮಾಲೆಗೆ ಇನ್ನೊಂದು ಬರೆದ. ಸ್ಕಾಟನ ಕೃತಿಗಳಿಗೆ ಮತ್ತೊಂದು. ಹಳೆಯ ಈ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿ. ಕೋಟೆಯ ಗೋಡೆಗಳು ಗಟ್ಟಿಯಾಗಿವೆ, ಒಡೆದ ಅಂಚುಗಳು ಕಾಣುತ್ತವೆ. ಹೊಳೆಯಲ್ಲಿ ದೋಣಿ ಇದೆ. ದಡದಲ್ಲಿ ಜನರಿದ್ದಾರೆ, ಮನೆ ಇದೆ. ನೀರಿಗಿಳಿದ ದನಗಳಿವೆ. ಒಂದು ಊರು ಬೆಳಗ್ಗೆ ಎದ್ದು ಕೆಲಸಕ್ಕೆ ತೊಡಗಿರುವ ಚಿತ್ರಗಳು ಅವು.

1845ಕ್ಕೆ ಬಂದರೆ ದೋಣಿ ಹೋಗಿದೆ. ಜನ ಹೋಗಿದ್ದಾರೆ. ಮನೆ ಇಲ್ಲ. ಗೋಡೆಯ ಕಲ್ಲುಗಳೂ ಇಲ್ಲ. ಉಳಿದುಕೊಂಡಿದ್ದು ಕೋಟೆಯ ನೆರಳಿನಂಥ ಆಕಾರ, ಸೂರ್ಯ, ನೀರು, ಮತ್ತೆ ಆ ಹಸು. ಅಂದರೆ ಸುಮಾರು ಐವತ್ತು ವರ್ಷ ಅವನು ಈ ಚಿತ್ರಕ್ಕೆ ಏನನ್ನೂ ಸೇರಿಸಲಿಲ್ಲ, ತೆಗೆಯುತ್ತಾ ಬಂದ. ತೆಗೆಯಬಹುದಾದ್ದನ್ನೆಲ್ಲ ತೆಗೆದ ಮೇಲೂ ಅದು ನಾರಂ ಆಗಿಯೇ ಉಳಿಯಿತು.

ಇನ್ನೊಂದು ವಿಷಯ ಗಮನಿಸಿ. 1845ರಲ್ಲಿ ಟರ್ನರನಿಗೆ ಎಪ್ಪತ್ತು. ನಾರಂ ನೋಡಿ ಹದಿನಾಲ್ಕು ವರ್ಷವಾಗಿತ್ತು. ಈ ಚಿತ್ರವನ್ನು ಅವನು ಹೊಳೆ ದಡದಲ್ಲಿ ಕೂತು ಬರೆಯಲಿಲ್ಲ. ಲಂಡನ್ನಿನ ಮನೆಯಲ್ಲಿ, ಹಳೆಯ ಮುದ್ರಣದ ಚೌಕಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡು, ನೆನಪಿನಿಂದ ಬರೆದ. ಆ ಹೊತ್ತಿಗೆ ಲಿಬರ್ ಮಾಲೆಯ ಹಳೆಯ ದೃಶ್ಯಗಳನ್ನು ಹೀಗೆ ತೈಲವರ್ಣದಲ್ಲಿ ಮತ್ತೆ ಕೈಗೆತ್ತಿಕೊಂಡಿದ್ದ. ಇದು ಆ ಗುಂಪಿನಲ್ಲಿ ಒಂದು. ಕನಸಿನ ಹಾಗಿದೆ ಅಂತ ನಮಗೆ ಅನ್ನಿಸುವುದು ಸುಮ್ಮನಲ್ಲ. ವಯಸ್ಸಾದ ಮೇಲೆ ನೆನಪಿನಲ್ಲಿ ಉಳಿಯುವ ಊರು ಹೀಗೇ ಇರುತ್ತದೆ, ಅಲ್ವಾ? ಯಾರ ಮನೆ ಎಲ್ಲಿತ್ತು ಎಂಬುದು ಮಸುಕಾಗಿರುತ್ತದೆ. ಆ ಬೀದಿಯಲ್ಲಿ ಬೆಳಗ್ಗೆ ಬಿಸಿಲು ಹೇಗೆ ಬೀಳುತ್ತಿತ್ತು ಎಂಬುದು ಮಾತ್ರ ಸ್ಪಷ್ಟವಾಗಿರುತ್ತದೆ.

ಈಗ ಬಣ್ಣದ ಹತ್ತಿರ ಹೋಗೋಣ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಹಳೆಯ ಕಾಲದ ತೈಲವರ್ಣ ಚಿತ್ರಕಾರರು ಸಾಮಾನ್ಯವಾಗಿ ಕ್ಯಾನ್ವಾಸಿಗೆ ಮೊದಲು ಕಂದು ಅಥವಾ ಕೆಂಪು ಬಣ್ಣದ ತಳ ಹಾಕುತ್ತಿದ್ದರು. ಕತ್ತಲಿನಿಂದ ಶುರುಮಾಡಿ, ಮೇಲೆ ದಪ್ಪ ಬಣ್ಣದಲ್ಲಿ ಬೆಳಕನ್ನು ಕೂರಿಸುತ್ತಾ ಬರುತ್ತಿದ್ದರು. ಟರ್ನರನ ಕೈ ಪಳಗಿದ್ದು ಜಲವರ್ಣದಲ್ಲಿ. ಜಲವರ್ಣದಲ್ಲಿ ಬೆಳಕು ಅಂದರೆ ಕಾಗದದ ಬಿಳುಪೇ. ತೆಳು ಬಣ್ಣದ ಮೂಲಕ ಆ ಬಿಳುಪು ಒಳಗಿನಿಂದ ಹೊಳೆಯುತ್ತದೆ. ಈ ಗುಟ್ಟನ್ನು ಅವನು ತೈಲವರ್ಣಕ್ಕೆ ತಂದ. ಕ್ಯಾನ್ವಾಸಿಗೆ ಬಿಳಿ ತಳ ಹಾಕಿ, ಅದರ ಮೇಲೆ ನೀರು ಮಜ್ಜಿಗೆಯಷ್ಟು ತೆಳುವಾಗಿ ಬಣ್ಣ ಎಳೆದ. ಸರ್ ಜಾರ್ಜ್ ಬೋಮಾಂಟ್ ಎಂಬ ಕಲಾ ಪೋಷಕ ಇದನ್ನು ಕಂಡು ಸಿಡಿಮಿಡಿಗೊಂಡು, ಟರ್ನರ್ ಮತ್ತು ಅವನ ಹಾದಿ ಹಿಡಿದವರನ್ನು ‘ಬಿಳಿ ಚಿತ್ರಕಾರರು’ ಅಂತ ಹೀಗಳೆಯುತ್ತಿದ್ದ. ಟರ್ನರ್ ಬಿಳಿ ತಳ ಬಿಡಲಿಲ್ಲ. ನಾರಂ ಚಿತ್ರದ ಆಕಾಶ, ಹೊಳೆಗಳಲ್ಲಿ ಕಾಣುವ ಆ ಮುತ್ತಿನ ಹೊಳಪು ಬಹುಪಾಲು ತಳದ್ದೇ.

ಕೋಟೆ ಯಾಕೆ ನೀಲಿ? ಕಲ್ಲು ನೀಲಿಯಲ್ಲ. ಸೂರ್ಯ ಕೋಟೆಯ ಹಿಂದಿದ್ದಾನೆ. ನಮ್ಮ ಕಡೆಯ ಗೋಡೆ ನೆರಳಿನಲ್ಲಿದೆ. ನಡುವೆ ಹೊಳೆಯ ಮಂಜು ತುಂಬಿದೆ. ದೂರದ ಬೆಟ್ಟ ನೀಲಿಯಾಗಿ ಕಾಣುವ ಹಾಗೆ ಈ ಗೋಡೆಯೂ ನೀಲಿಯಾಗುತ್ತದೆ. ಪಕ್ಕದಲ್ಲಿ ಹಳದಿ ಇರುವುದರಿಂದ ನೀಲಿ ಇನ್ನಷ್ಟು ಎದ್ದು ಕಾಣುತ್ತದೆ. ಇದರ ಜೊತೆಗೆ ಟರ್ನರ್ ಓದಿದ್ದೂ ಇದೆ. ಜರ್ಮನಿಯ ಕವಿ ಗಯಟೆ ಬಣ್ಣಗಳ ಬಗ್ಗೆ ಬರೆದ ಪುಸ್ತಕ 1840ರಲ್ಲಿ ಇಂಗ್ಲಿಷಿಗೆ ಬಂತು. ಅನುವಾದಿಸಿದವನು ಟರ್ನರನ ಪರಿಚಯದ ಚಿತ್ರಕಾರ ಚಾರ್ಲ್ಸ್ ಈಸ್ಟ್‌ಲೇಕ್. ಟರ್ನರ್ ಅದನ್ನು ಅಂಚಿನಲ್ಲಿ ಟಿಪ್ಪಣಿ ಹಾಕಿಕೊಂಡು ಓದಿದ. 1843ರಲ್ಲಿ ಗಯಟೆಯ ಹೆಸರನ್ನೇ ಶೀರ್ಷಿಕೆಯಲ್ಲಿಟ್ಟು ಒಂದು ಚಿತ್ರ ಬರೆದ. ಬೆಳಕಿಗೆ ತೀರಾ ಹತ್ತಿರದ ಬಣ್ಣ ಹಳದಿ, ಕತ್ತಲಿಗೆ ತೀರಾ ಹತ್ತಿರದ್ದು ನೀಲಿ ಎಂಬುದು ಗಯಟೆಯ ವಿಚಾರ. ನಾರಂ ಚಿತ್ರ ನಿಂತಿರುವುದೇ ಈ ಎರಡರ ಮೇಲೆ. ಹಳದಿ ಹುಟ್ಟುತ್ತಿದೆ, ನೀಲಿ ಹಿಂದೆ ಸರಿಯುತ್ತಿದೆ. ಕಣ್ಣೆದುರಿಗೆ ರಾತ್ರಿ ಬಿಟ್ಟುಹೋಗುತ್ತಿದೆ.

ಹಸುವನ್ನು ಹತ್ತಿರದಿಂದ ನೋಡಿ. ಕೆಂಪು ಬೆರೆತ ಕಂದು ಬಣ್ಣದ ಕೆಲವೇ ಕುಂಚದ ಎಳೆತಗಳು. ಕಣ್ಣು, ಮೂಗು ಯಾವುದೂ ಬರೆದಿಲ್ಲ. ಕಾಲು ಎಲ್ಲಿ ಮುಗಿದು ನೀರಿನೊಳಗಿನ ಬಿಂಬ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಆದರೂ ಹಸು ಎಂಬುದರಲ್ಲಿ ಅನುಮಾನವಿಲ್ಲ. ಇಡೀ ಚಿತ್ರದಲ್ಲಿ ಬೆಚ್ಚಗಿನ, ಗಾಢವಾದ ಬಣ್ಣ ಒಟ್ಟುಗೂಡಿರುವುದು ಇಲ್ಲಿ. ಬೆರಳಿನಿಂದ ಹಸುವನ್ನು ಮುಚ್ಚಿ ನೋಡಿ, ನೀವೇ ಪರೀಕ್ಷೆ ಮಾಡಿ. ಹೊಳೆ ಹೊಳೆಯಾಗಿ ಉಳಿಯುವುದಿಲ್ಲ. ಎಲ್ಲಿ ನೆಲ, ಎಲ್ಲಿ ನೀರು, ಎಷ್ಟು ಆಳ, ಕೋಟೆ ಎಷ್ಟು ದೂರ, ಇದೆಲ್ಲ ಗೊತ್ತಾಗುವುದು ಹಸುವಿನಿಂದ. ಅದು ಕಾಲೂರಿ ನಿಂತಿರುವುದರಿಂದ ಚಿತ್ರಕ್ಕೆ ನೆಲ ಸಿಕ್ಕಿದೆ.

ಇದೇ ಕಾಲದ ಜರ್ಮನಿಯ ಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಕ್, ಟರ್ನರನಿಗಿಂತ ಒಂದು ವರ್ಷ ದೊಡ್ಡವನು. ಅವನ ಚಿತ್ರಗಳಲ್ಲಿ ನಮಗೆ ಬೆನ್ನು ಮಾಡಿ ನಿಂತು ಚಂದ್ರನನ್ನೋ ಸಮುದ್ರವನ್ನೋ ನೋಡುವ ಜನ ಇರುತ್ತಾರೆ. ಅವರು ನೋಡುತ್ತಾರೆ, ಅವರು ಯೋಚಿಸುತ್ತಾರೆ, ನಾವು ಅವರ ಹಿಂದೆ ನಿಲ್ಲುತ್ತೇವೆ. ಬಹಳ ಗಂಭೀರವಾದ ಚಿತ್ರಗಳು, ನನಗೆ ಗೌರವವಿದೆ. ಆದರೆ ನನ್ನ ಒಲವು ನಾರಂ ಕಡೆ. ಇಲ್ಲಿ ನಮ್ಮ ಪರವಾಗಿ ನೋಡುವವರು ಯಾರೂ ಇಲ್ಲ. ಹಸುವಿಗೆ ಸೂರ್ಯನ ಗೊಡವೆಯೇ ಇಲ್ಲ. ನೋಡುವ ಕೆಲಸ ಪೂರ್ತಿ ನಮ್ಮದೇ.

ಏನೂ ಮಾಡದೆ ಸುಮ್ನೆ ಕೂತು ನೋಡುವುದು ಆ ಕಾಲದ ಕವಿಗಳಿಗೂ ದೊಡ್ಡ ವಿಷಯವಾಗಿತ್ತು. ಟರ್ನರ್ ಮೊದಲ ನಾರಂ ಚಿತ್ರ ಪ್ರದರ್ಶಿಸಿದ ಅದೇ 1798ರಲ್ಲಿ ವರ್ಡ್ಸ್‌ವರ್ತ್‌ನ ಒಂದು ಕವಿತೆ ಪ್ರಕಟವಾಯಿತು. ಅದರಲ್ಲಿ ಗೆಳೆಯನೊಬ್ಬ, ಕಲ್ಲಿನ ಮೇಲೆ ಕೂತು ಹೊತ್ತು ಕಳೆಯುತ್ತಿದ್ದೀಯಲ್ಲ, ಪುಸ್ತಕ ಎಲ್ಲಿ ಅಂತ ಆಕ್ಷೇಪಿಸುತ್ತಾನೆ. ನಾವು ಹುಡುಕಿಕೊಂಡು ಹೋಗದಿದ್ದರೂ ಕೆಲವು ತಾವಾಗಿಯೇ ಬಂದು ಮನಸ್ಸನ್ನು ಬೆಳೆಸುತ್ತವೆ ಎಂಬ ಅರ್ಥದ ಉತ್ತರ ಕೊಡುತ್ತಾನೆ ಕವಿ. ನಮ್ಮ ನವೋದಯದವರ ದೆಸೆಯಿಂದ ಈ ಕವಿಗಳು ಕನ್ನಡಿಗರಿಗೆ ಹಳೆಯ ಪರಿಚಯ. ಅವರ ಜೊತೆಗಿದ್ದ ಚಿತ್ರಕಾರರು ನಮ್ಮಲ್ಲಿಗೆ ಅಷ್ಟಾಗಿ ಬರಲಿಲ್ಲ. ಇವತ್ತಿನ ಮಾತಿಗೆ ಇದೂ ಒಂದು ಕಾರಣ.

ಟರ್ನರ್ ಮಾತ್ರ ಸುಮ್ಮನೆ ಕೂತವನಲ್ಲ. ಅವನು ತೀರಿಕೊಂಡಾಗ ಬಿಟ್ಟುಹೋದದ್ದರಲ್ಲಿ ದೇಶಕ್ಕೆ ಸೇರಿದ್ದು ಸುಮಾರು 300 ತೈಲವರ್ಣ ಚಿತ್ರಗಳು ಮತ್ತು ಕಾಗದದ ಮೇಲಿನ ಸುಮಾರು 30,000 ಕೆಲಸಗಳು. ಬಿಡುವಿನ ಚಿತ್ರ ಬರೆದವನ ಬದುಕಿನಲ್ಲಿ ಬಿಡುವು ಇರಲಿಲ್ಲ. ನಾರಂಗಿಂತ ಒಂದು ವರ್ಷ ಮುಂಚೆ, 1844ರಲ್ಲಿ, ಮಳೆಯಲ್ಲಿ ಸೇತುವೆ ಮೇಲೆ ನುಗ್ಗಿ ಬರುವ ರೈಲಿನ ಪ್ರಸಿದ್ಧ ಚಿತ್ರವನ್ನು ಪ್ರದರ್ಶಿಸಿದವನೂ ಅವನೇ. ಬ್ರಿಟನ್ನಿನಲ್ಲಿ ರೈಲಿನ ಹುಚ್ಚು ಏರಿದ್ದ ಹೊತ್ತು ಅದು. 1849ರಲ್ಲಿ ನಾರಂ ಊರಿಗೇ ರೈಲು ಬಂತು. ಟರ್ನರನಿಗೆ ಹೊಸ ವೇಗದ ಮೇಲೆ ದ್ವೇಷವಿತ್ತು ಅಂತ ನನಗೆ ಅನ್ನಿಸುವುದಿಲ್ಲ. ಆ ರೈಲನ್ನು ಅಷ್ಟು ಉತ್ಸಾಹದಿಂದ ಬರೆದವನು ದ್ವೇಷಿಸಲಾರ. ವೇಗ ಬರುತ್ತಿದೆ ಎಂದು ಚೆನ್ನಾಗಿ ಗೊತ್ತಿದ್ದೇ ಈ ನಿಧಾನವನ್ನೂ ಬರೆದ. ನಾರಂ ಚಿತ್ರದ ಸೂರ್ಯ ಏರುವುದಕ್ಕೆ ಯಾವ ಅವಸರವನ್ನೂ ಮಾಡುತ್ತಿಲ್ಲ.

ಚಿತ್ರದ ಮುಂದಿನ ಕತೆ ಚಿಕ್ಕದು. ಟರ್ನರ್ ಇದನ್ನು ಯಾವ ಪ್ರದರ್ಶನಕ್ಕೂ ಕಳಿಸಲಿಲ್ಲ. 1851ರ ಡಿಸೆಂಬರ್ 19ರಂದು ತೀರಿಕೊಂಡ. ಮುಗಿದ ಚಿತ್ರಗಳು ದೇಶಕ್ಕೆ ಎಂದು ಉಯಿಲು ಬರೆದಿಟ್ಟಿದ್ದ. ನೆಂಟರು ತಕರಾರು ತೆಗೆದರು. ವ್ಯಾಜ್ಯ ನಡೆದು 1856ರಲ್ಲಿ ಇತ್ಯರ್ಥವಾಯಿತು. ಮುಗಿದದ್ದು, ಮುಗಿಯದ್ದು ಎಲ್ಲವೂ ದೇಶಕ್ಕೆ ಬಂದವು. ನಾರಂ ಮುಗಿಯದವುಗಳ ರಾಶಿಗೆ ಸೇರಿತು. ಜನರ ಕಣ್ಣಿಗೆ ಮೊದಲು ಬಿದ್ದಿದ್ದು 1906ರಲ್ಲಿ, ಟೇಟ್ ಗ್ಯಾಲರಿಯಲ್ಲಿ. ಬರೆದು ಅರವತ್ತು ವರ್ಷದ ಮೇಲೆ.

ಮಾತು ಮುಗಿದ ಮೇಲೆ ಬಂದ ಮೊದಲ ಪ್ರಶ್ನೆ: ‘ಹಾಗಾದರೆ ಇದು ಅರ್ಧಕ್ಕೆ ನಿಂತ ಚಿತ್ರವಾ? ಮುಗಿಸಿದ್ದರೆ ಬೇರೆಯೇ ಆಗುತ್ತಿತ್ತಾ?’

ಪ್ರಶ್ನೆ ಸರಿಯಾಗಿದೆ. ಟರ್ನರನಿಗೆ ಒಂದು ಅಭ್ಯಾಸವಿತ್ತು. ಪ್ರದರ್ಶನ ಶುರುವಾಗುವ ಮುಂಚೆ, ಗೋಡೆಗೆ ಹಾಕಿದ ಚಿತ್ರಕ್ಕೆ ಕೊನೆಯ ಕೈ ಆಡಿಸಲು ಅಕಾಡೆಮಿ ಸದಸ್ಯರಿಗೆ ಕೆಲವು ದಿನ ಕೊಡುತ್ತಿದ್ದರು. ಟರ್ನರ್ ಹೆಚ್ಚುಕಮ್ಮಿ ಖಾಲಿ ಎನ್ನಿಸುವಂಥ ಕ್ಯಾನ್ವಾಸುಗಳನ್ನು ತಂದು, ಎಲ್ಲರ ಎದುರಿಗೆ ಅಲ್ಲೇ ನಿಂತು ಚಿತ್ರ ಮಾಡಿ ಮುಗಿಸುತ್ತಿದ್ದ. ನಾರಂ ಕೂಡ ಹಾಗೆ ಮುಂದುವರಿಸಬಹುದಾದ ಹಂತದ ಕ್ಯಾನ್ವಾಸ್ ಎನ್ನುವ ವಿದ್ವಾಂಸರಿದ್ದಾರೆ. ಅದನ್ನು ತಳ್ಳಿಹಾಕಲಾಗದು. ಆದರೆ ಮುಗಿದಿದೆಯಾ ಇಲ್ಲವಾ ಎಂಬುದಕ್ಕೆ ನಾನು ಹಳೆಯ ನಾರಂ ಚಿತ್ರಗಳನ್ನೇ ಸಾಕ್ಷಿ ಕರೆಯುತ್ತೇನೆ. ದೋಣಿ, ಮನೆ, ಜನ ಬೇಕಿದ್ದರೆ ಅವನಿಗೆ ಕಷ್ಟವೇನೂ ಇರಲಿಲ್ಲ, ಕೈಗೆ ಬಾಯಿಪಾಠವಾಗಿತ್ತು. ಹಸುವನ್ನು ಇಟ್ಟಿದ್ದಾನೆ, ಅದರ ಬಿಂಬವನ್ನೂ ಇಟ್ಟಿದ್ದಾನೆ, ಅಷ್ಟಕ್ಕೆ ಕೈ ಎತ್ತಿದ್ದಾನೆ. ಎಲ್ಲಿ ನಿಲ್ಲಿಸಬೇಕೆಂದು ಅವನ ಕೈಗೆ ಗೊತ್ತಿತ್ತು ಎಂದೇ ನಾನು ನಂಬುತ್ತೇನೆ.

ಎರಡನೆಯದು: ‘ಇದು ಇಂಪ್ರೆಷನಿಸ್ಟ್ ಚಿತ್ರದ ಹಾಗೇ ಇದೆಯಲ್ಲ? ಮೊನೆ ಇದನ್ನು ನೋಡಿ ಕಲಿತನಾ?’

ಇಂಪ್ರೆಷನಿಸ್ಟರು ಅಂದರೆ ಆ ಗಳಿಗೆಯ ಬೆಳಕನ್ನು ಹಿಡಿಯಲು ಹೊರಟ ಫ್ರಾನ್ಸಿನ ಚಿತ್ರಕಾರರು. ಅವರಲ್ಲಿ ಮುಖ್ಯರಾದ ಮೊನೆ ಮತ್ತು ಪಿಸಾರೋ 1870ರಲ್ಲಿ ಫ್ರಾನ್ಸ್–ಪ್ರಶ್ಯ ಯುದ್ಧದಿಂದ ತಪ್ಪಿಸಿಕೊಂಡು ಲಂಡನ್ನಿಗೆ ಬಂದಿದ್ದರು, ಟರ್ನರನ ಚಿತ್ರಗಳನ್ನು ನೋಡಿದ್ದರು. ಆದರೆ ನಾರಂ ನೋಡುವ ಸಾಧ್ಯತೆ ಇರಲಿಲ್ಲ, ಅದು ಆಗಿನ್ನೂ ಹೊರಗೆ ಬಂದಿರಲಿಲ್ಲ. ನಡೆದದ್ದು ತಿರುಗುಮುರುಗಾಗಿ. 1906ರಲ್ಲಿ ನಾರಂ ಹೊರಬರುವ ಹೊತ್ತಿಗೆ ಮೊನೆಯಂಥವರು ಜನರ ಕಣ್ಣನ್ನು ಪಳಗಿಸಿಬಿಟ್ಟಿದ್ದರು. ಹಿಂದೆ 1816ರಲ್ಲೇ ವಿಮರ್ಶಕ ಹ್ಯಾಜ್ಲಿಟ್, ಟರ್ನರ್ ಬರೆಯುವುದು ‘ಏನೂ ಇಲ್ಲದರ ಚಿತ್ರ, ಥೇಟ್ ಹಾಗೇ ಇದೆ’ ಎಂದು ಯಾರೋ ಆಡಿದ ಮಾತನ್ನು ದಾಖಲಿಸಿದ್ದ. ತೊಂಬತ್ತು ವರ್ಷದ ಮೇಲೆ ಜನ ಇಂಥದ್ದನ್ನೇ ಬೆರಗಿನಿಂದ ನೋಡಿದರು. ಇನ್ನೂ ಒಂದು ವ್ಯತ್ಯಾಸ ನೆನಪಿಡಿ. ಮೊನೆಗೆ ಆ ಗಳಿಗೆಯ ಬೆಳಕು ಬೇಕು, ಅದಕ್ಕೆ ಜಾಗದಲ್ಲೇ ನಿಂತು ಬರೆಯಬೇಕು. ನಾರಂ ಚಿತ್ರದಲ್ಲಿರುವುದು ಇಪ್ಪತ್ತೆರಡರ ಹುಡುಗ ಕಂಡ ಬೆಳಗು, ಬರೆದದ್ದು ಎಪ್ಪತ್ತರ ಮುದುಕ.

ಮನೆಗೆ ಹೋದ ಮೇಲೆ ಬಿಡುವಿದ್ದಾಗ ಟೇಟ್ ಜಾಲತಾಣದಲ್ಲಿ ಟರ್ನರನ ನಾರಂ ಚಿತ್ರಗಳನ್ನು ಹುಡುಕಿ. 1797ರ ಪೆನ್ಸಿಲ್ ಗುರುತುಗಳಿಂದ ಹಿಡಿದು ಬಹಳಷ್ಟು ಅಲ್ಲಿ ಸಿಗುತ್ತವೆ. ಮೊದಲು ಲಿಬರ್ ಮಾಲೆಯ ಕಪ್ಪು-ಕಂದು ಮುದ್ರಣ ನೋಡಿ, ಆಮೇಲೆ 1820ರ ದಶಕದ ಜಲವರ್ಣ, ಕೊನೆಗೆ ಇದು. ಮೊಬೈಲಿನಲ್ಲಿ ಬೇಡ, ಸ್ವಲ್ಪ ದೊಡ್ಡ ತೆರೆಯಲ್ಲಿ ನೋಡಿ. ಚಿಕ್ಕ ತೆರೆಯಲ್ಲಿ ಹಸು ಕಾಣುವುದೇ ಇಲ್ಲ.